ಆಘಾತೋತ್ತರ ಒತ್ತಡದ ಕಾಯಿಲೆ: ಪೂರಕ ಔಷಧ ಚಿಕಿತ್ಸೆಯ ಇತಿಹಾಸ

ಭೂಕಂಪ, ಯುದ್ಧ, ಬೆಂಕಿ ಅನಾಹುತ, ಲೈಂಗಿಕ ಹಿಂಸೆಯಂಥ ಘಟನೆಗಳಿಗೆ ಸಿಕ್ಕವರಲ್ಲಿ ಕೆಲವರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುವ ಮಾನಸಿಕ ಕಾಯಿಲೆಯೇ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ. ನಡೆದದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ನೆನಪು ಕೆದಕುವ ಜಾಗಗಳಿಂದ ದೂರ ಉಳಿಯುವುದು ಇದರ ಲಕ್ಷಣಗಳು. ಆಘಾತಕ್ಕೆಂದೇ ರೂಪಿಸಿದ ಮನೋಚಿಕಿತ್ಸೆ ಮತ್ತು ಸರ್ಟ್ರಲಿನ್‌ನಂಥ ಖಿನ್ನತೆ ನಿವಾರಕ ಮಾತ್ರೆಗಳು ಮೊದಲ ಸಾಲಿನ ಚಿಕಿತ್ಸೆ. ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಕೊಟ್ಟ ಮೇಲೂ ಕಾಯಿಲೆ ತಗ್ಗದಿದ್ದರೆ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸದೆ ಇನ್ನೊಂದು ಔಷಧವನ್ನು ಜೊತೆಗೆ ಕೊಡುವುದೇ ಪೂರಕ ಔಷಧ ಚಿಕಿತ್ಸೆ.

ಸೋಲಾಪುರ ಸೀಮೆಯ ಅನುಭವ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಜನ ಕಲ್ಲು-ಮಣ್ಣಿನ ಮನೆಗಳಡಿ ಸಿಲುಕಿದರು. ಸತ್ತವರು ಸುಮಾರು 8,000ದಿಂದ 10,000. ಕಿಲ್ಲಾರಿ ಇರುವುದು ಸೋಲಾಪುರ ಮತ್ತು ಅಕ್ಕಲಕೋಟೆಯ ಈಶಾನ್ಯಕ್ಕೆ, ನೇರ ಅಳತೆಯಲ್ಲಿ ನೂರು ಕಿಲೋಮೀಟರಿನ ಒಳಗೆ. ಗಾಯಾಳುಗಳನ್ನು ಸೋಲಾಪುರದ ಆಸ್ಪತ್ರೆಗಳಿಗೂ ತಂದರು. ಬದುಕುಳಿದವರನ್ನು ಒಂದು ತಿಂಗಳ ನಂತರ ಪರೀಕ್ಷಿಸಿದ ವರದಿಯೊಂದು 1996ರಲ್ಲಿ ಅಮೆರಿಕದ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಪಿಟಿಎಸ್‌ಡಿ ಮತ್ತು ಖಿನ್ನತೆ ಮುಖ್ಯವಾದವು. ಇದಕ್ಕೆ ಮೊದಲೇ, 1981ರ ಬೆಂಗಳೂರು ವೀನಸ್ ಸರ್ಕಸ್ ಬೆಂಕಿಯಲ್ಲಿ ಮನೆಯವರನ್ನು ಕಳೆದುಕೊಂಡವರ ದುಃಖವನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಧ್ಯಯನ ಮಾಡಿತ್ತು.

ಔಷಧಗಳ ಹಾದಿ

ಅಮೆರಿಕದ ಮನೋವೈದ್ಯರ ಸಂಘ ಈ ಕಾಯಿಲೆಗೆ ಹೆಸರು ಕೊಟ್ಟದ್ದು 1980ರಲ್ಲಿ. 1989ರಲ್ಲಿ ಕಿಂಜಿ ಮತ್ತು ಲ್ಯೂಂಗ್ ಎಂಬ ವೈದ್ಯರು ಕಾಂಬೋಡಿಯದ ನಿರಾಶ್ರಿತರಿಗೆ ಖಿನ್ನತೆಯ ಔಷಧ ಇಮಿಪ್ರಮಿನ್ ಜೊತೆಗೆ ರಕ್ತದೊತ್ತಡದ ಕ್ಲೊನಿಡಿನ್ ಕೊಟ್ಟ ಅನುಭವವನ್ನು ವರದಿ ಮಾಡಿದರು. ಪೂರಕ ಚಿಕಿತ್ಸೆಯ ಮೊದಲ ದಾಖಲೆಗಳಲ್ಲಿ ಇದೂ ಒಂದು. ಅಮೆರಿಕದ ಔಷಧ ಆಡಳಿತ ಈ ಕಾಯಿಲೆಗೆಂದು ಸರ್ಟ್ರಲಿನ್‌ಗೆ 1999ರಲ್ಲಿ, ಪ್ಯಾರೊಕ್ಸೆಟಿನ್‌ಗೆ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಇವಕ್ಕೂ ಜಗ್ಗದವರಿಗೆ ಏನು ಸೇರಿಸಬೇಕು ಎಂಬ ಹುಡುಕಾಟ ಆಮೇಲೆ ಬಿರುಸಾಯಿತು.

2002ರಲ್ಲಿ 19 ರೋಗಿಗಳ ಪರೀಕ್ಷೆಯಲ್ಲಿ ಚಿತ್ತವಿಕಲತೆಯ ಔಷಧ ಒಲಾಂಜಪಿನ್ ನಿದ್ದೆ ಮತ್ತು ಖಿನ್ನತೆಯನ್ನು ಸುಧಾರಿಸಿತು. ಆದರೆ ಎಂಟು ವಾರದಲ್ಲೇ ಸರಾಸರಿ ಆರು ಕಿಲೊ ತೂಕ ಏರಿಸಿತು. ಅದೇ ಬಗೆಯ ರಿಸ್ಪೆರಿಡೋನನ್ನು ಸುಮಾರು 300 ಮಾಜಿ ಸೈನಿಕರಲ್ಲಿ ಆರು ತಿಂಗಳು ಪರೀಕ್ಷಿಸಿದಾಗ, ಹುಸಿಮಾತ್ರೆಗಿಂತ ಅದು ಮೇಲೆಂದು ತೋರಲಿಲ್ಲ. 2011ರ ಈ ಫಲಿತಾಂಶ ಅಲ್ಲಿಯವರೆಗಿನ ರೂಢಿಯನ್ನೇ ಪ್ರಶ್ನಿಸಿತು. ರಕ್ತದೊತ್ತಡದ ಇನ್ನೊಂದು ಮಾತ್ರೆ ಪ್ರಜೋಸಿನ್ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಕೆಲಸವನ್ನು ತಡೆಯುತ್ತದೆ. 2003ರಿಂದ ಮನೋವೈದ್ಯ ರಸ್ಕಿಂಡ್ ಅವರ ತಂಡದ ಸಣ್ಣ ಪರೀಕ್ಷೆಗಳಲ್ಲಿ ಅದು ಕೆಟ್ಟ ಕನಸುಗಳನ್ನು ತಗ್ಗಿಸಿತು. 2018ರಲ್ಲಿ ಪ್ರಕಟವಾದ, 304 ಮಾಜಿ ಸೈನಿಕರ ದೊಡ್ಡ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ. ಹಾಗಿದ್ದೂ ಕನಸಿನ ಕಾಟಕ್ಕೆ ಅದನ್ನು ಇಂದಿಗೂ ಬರೆಯುತ್ತಾರೆ. ನಿದ್ದೆಗಾಗಿ ಕೊಡುತ್ತಿದ್ದ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳನ್ನು ಮಾತ್ರ ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಅವು ಚಟ ಹಿಡಿಸುತ್ತವೆ, ಮೂಲ ಕಾಯಿಲೆಯನ್ನು ವಾಸಿಮಾಡುವುದಿಲ್ಲ.

ಇಂದಿನ ಸ್ಥಿತಿ

ಸರ್ಟ್ರಲಿನ್ ಜೊತೆ ಒಲಾಂಜಪಿನ್ ಗುಂಪಿನದೇ ಆದ ಬ್ರೆಕ್ಸ್‌ಪಿಪ್ರಜೋಲ್ ಸೇರಿಸುವ ಪ್ರಸ್ತಾವವನ್ನು 2025ರ ಜುಲೈನಲ್ಲಿ ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿ 10–1 ಮತಗಳಿಂದ ಒಪ್ಪಲಿಲ್ಲ. ಸಣ್ಣ ಪರೀಕ್ಷೆ ಹುಟ್ಟಿಸಿದ ಭರವಸೆ ದೊಡ್ಡ ಪರೀಕ್ಷೆಯಲ್ಲಿ ನಿಲ್ಲದೆ ಹೋದದ್ದೇ ಈ ಇತಿಹಾಸದಲ್ಲಿ ಹೆಚ್ಚು. ಆದ್ದರಿಂದ ಔಷಧ ಸೇರಿಸುವ ಮೊದಲು ವೈದ್ಯರು ಕೆಲವು ಸಂಗತಿಗಳನ್ನು ವಿಚಾರಿಸುತ್ತಾರೆ: ಮಾತ್ರೆ ತಪ್ಪದೆ ತೆಗೆದುಕೊಂಡಿದ್ದಾರೆಯೇ, ಕುಡಿತವಿದೆಯೇ, ಮನೋಚಿಕಿತ್ಸೆ ನಡೆದಿದೆಯೇ. ಮನೋಚಿಕಿತ್ಸೆ ರೋಗಿಯ ಮಾತಿನಲ್ಲೇ ನಡೆಯಬೇಕಾದ್ದರಿಂದ, ಕನ್ನಡ-ಮರಾಠಿ ಬೆರೆತ ಅಕ್ಕಲಕೋಟೆಯಂಥ ತಾಲ್ಲೂಕುಗಳಲ್ಲಿ ಎರಡೂ ನುಡಿ ಬಲ್ಲ ಸಮಾಲೋಚಕರು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ (14416) ಕನ್ನಡ, ಮರಾಠಿ ಸೇರಿ ಹಲವು ಭಾಷೆಗಳಲ್ಲಿ ದೊರೆಯುತ್ತದೆ.