‘ನೀವು ಇಂಡಿಯನ್ ಮಾತಾಡ್ತೀರಾ?’ ಅಂದವರಿಗೆ ಸ್ಯಾಕ್ಸೋಫೋನ್ ಕೊಟ್ಟ ಉತ್ತರ

ಮದುವೆ ಹಂಗಾಮು ಶುರುವಾದರೆ ನಮ್ಮ ಕಕ್ಕೇರಾ ಕಡೆ ಓಣಿ ಓಣಿಯಲ್ಲಿ ಬ್ಯಾಂಡಿನ ಸದ್ದು. ಮುಂದೆ ಡ್ರಮ್, ಹಿಂದೆ ಟ್ರಂಪೆಟ್. ಕೆಲವು ಬ್ಯಾಂಡುಗಳಲ್ಲಿ ಒಬ್ಬರು ಕೊರಳಿಗೆ ಪಟ್ಟಿ ಹಾಕಿಕೊಂಡು, ಬಾಯಿ ಮೇಲಕ್ಕೆ ಬಾಗಿದ ಹಿತ್ತಾಳೆಯ ವಾದ್ಯ ಊದುತ್ತಿರುತ್ತಾರೆ. ಮೆರವಣಿಗೆ ಮನೆ ಮುಟ್ಟುವ ಹೊತ್ತಿಗೆ ಅವರ ಕೆನ್ನೆ ಉಬ್ಬಿ ಕೆಂಪಾಗಿರುತ್ತದೆ. ಆ ವಾದ್ಯದ ಹೆಸರು ಸ್ಯಾಕ್ಸೋಫೋನ್.

ಈ ವಾದ್ಯ ಊದಿಯೇ ಜಗತ್ತಿನಲ್ಲಿ ಹೆಸರು ಮಾಡಿದವರೊಬ್ಬರ ಹೆಸರು ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ಪಕ್ಕದ ಊರಿನವರು ಅನಿಸುತ್ತದೆ. ನಮ್ಮ ಕಡೆ ಊರಿಗೊಬ್ಬ ಮಹಾಂತಪ್ಪ, ಓಣಿಗೊಬ್ಬ ರುದ್ರೇಶ ಸಿಗುತ್ತಾರೆ. ಆದರೆ ಇವರು ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ಬೆಳೆದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್‌ನಲ್ಲಿ. ತಂದೆ ಕೆ.ಟಿ. ಮಹಾಂತಪ್ಪ ಕರ್ನಾಟಕದಿಂದ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದ ಪ್ರಾಧ್ಯಾಪಕರು.

ಈ ರುದ್ರೇಶ್ ಮಹಾಂತಪ್ಪ 2004ರಲ್ಲಿ ಒಂದು ಆಲ್ಬಮ್ ಮಾಡಿದರು. ಅದರಲ್ಲಿ ಒಂದು ತುಣುಕಿನ ಹೆಸರೇ ‘ಕನ್ನಡ’. ಹಾಡಲ್ಲ, ಅದರಲ್ಲಿ ಒಂದು ಪದವೂ ಇಲ್ಲ, ಬರೀ ವಾದ್ಯ. ಪದವೇ ಇಲ್ಲದ ಮೇಲೆ ಅದು ಕನ್ನಡ ಹೇಗಾಯಿತು? ಇದನ್ನು ಹೇಳಬೇಕು ಅಂತಲೇ ಈ ಬರಹ.

ಮೊದಲು ವಾದ್ಯದ ಕತೆ. ಬೆಲ್ಜಿಯಂ ದೇಶದ ದಿನಾನ್ ಊರಿನ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯ ತಯಾರಕ ಇದನ್ನು ರೂಪಿಸಿ, 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ. ಅವನ ಹೆಸರೇ ವಾದ್ಯಕ್ಕೆ ಬಂತು. ಮೈಯೆಲ್ಲ ಹಿತ್ತಾಳೆ. ಆದರೆ ಊದುವ ತುದಿಯಲ್ಲಿ ಜೊಂಡಿನ ಒಂದು ತೆಳು ಸೀಳು ಇರುತ್ತದೆ. ಉಸಿರು ತಾಕಿದಾಗ ಅದು ಅದುರಿ ನಾದ ಹುಟ್ಟುತ್ತದೆ. ನಮ್ಮ ಸನಾದಿಯ ತುದಿಯಲ್ಲೂ ಇಂಥದೇ ಗುಟ್ಟು. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ರಾಜಕುಮಾರ್ ಕೈಯಲ್ಲಿದ್ದ ಸನಾದಿಗೆ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ನಾದ ಕೊಟ್ಟಿತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಸ್ಯಾಕ್ಸೋಫೋನ್ ದೂರದ ದೇಶದ್ದಾದರೂ ಉಸಿರಿನ ಲೆಕ್ಕದಲ್ಲಿ ಸನಾದಿಗೆ ದೂರದ ಸಂಬಂಧಿಯೇ.

ಈ ವಾದ್ಯ ಅಮೆರಿಕದ ಕಪ್ಪು ಜನರ ಕೈಗೆ ಬಂದಾಗ ಅದರ ಹಣೆಬರಹ ಬದಲಾಯಿತು. ಜಾಝ್ ಎಂಬ ಸಂಗೀತ ಅವರದು. ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ್ದು. ಅದರ ಜೀವ ಇರುವುದು ನಿಂತಲ್ಲೇ ಹೊಸದಾಗಿ ನುಡಿಸುವುದರಲ್ಲಿ. ನಮ್ಮ ಭಜನೆಯಲ್ಲಿ ಹಾಡುವವರು ಒಂದೇ ಸಾಲನ್ನು ಹಿಡಿದು ಬೆಳಗಿನ ತನಕ ಬೇರೆ ಬೇರೆ ಥರ ಎಳೆಯುತ್ತಾರಲ್ಲ, ಹಾಗೆ. ಆಮೇಲೆ 1960ರ ದಶಕದಲ್ಲಿ ಫಂಕ್ ಬಂತು. ಇದು ಕುಣಿಸುವ ಸಂಗೀತ. ತಾಳದ ಮೊದಲ ಪೆಟ್ಟಿಗೇ ತೂಕ ಹೆಚ್ಚು. ಹಲಗೆ ಬಾರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೌಲ್ಡರ್‌ನ ಹುಡುಗ ರುದ್ರೇಶ್ ಮೊದಮೊದಲು ಕೇಳಿ ಮೆಚ್ಚಿದ್ದು ಗ್ರೋವರ್ ವಾಷಿಂಗ್ಟನ್ ಜೂನಿಯರ್, ಡೇವಿಡ್ ಸ್ಯಾನ್‌ಬೋರ್ನ್, ಬ್ರೆಕರ್ ಸಹೋದರರು ಇಂಥವರನ್ನು. ಜಾಝ್ ಮತ್ತು ಫಂಕ್ ಎರಡನ್ನೂ ಬೆರೆಸಿ ಊದುವವರು ಇವರು. ಆಮೇಲೆ ಚಾರ್ಲಿ ಪಾರ್ಕರ್ ಸಿಕ್ಕರು. 1955ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡ ಈ ವಾದಕ ಜಾಝಿನ ವ್ಯಾಕರಣವನ್ನೇ ಬದಲಿಸಿದವರು. ಅವರ ದಾರಿ ಹಿಡಿದು ರುದ್ರೇಶ್ ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜು ಸೇರಿದರು.

ಅಲ್ಲಿ ಓದುವಾಗ ಅವರ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ತಂದುಕೊಟ್ಟರು. ಅದರ ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಹೆಸರು ನೋಡಿದರೆ ನಗೆ ಬರುವಂತಿತ್ತು. ಹಾಕಿ ಕೇಳಿದಾಗ ನಗೆ ನಿಂತಿತು. ಊದುತ್ತಿದ್ದವರು ಮಂಗಳೂರಿನ ಕದ್ರಿ ಗೋಪಾಲನಾಥ್.

ಗೋಪಾಲನಾಥ್ ಅವರದು ಇನ್ನೊಂದು ದೊಡ್ಡ ಕತೆ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಹಿಡಿಯಬೇಕಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅದಕ್ಕೆ ಅಂಟಿಕೊಂಡಿತು. ಬ್ಯಾಂಡಿಗೆ ಮಾಡಿದ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ತರುವುದು ಹುಡುಗಾಟವಲ್ಲ. ಗಮಕ ಅಂದರೆ ಸ್ವರವನ್ನು ನೆಟ್ಟಗೆ ನಿಲ್ಲಿಸದೆ ತೂಗಿಸುವುದು, ಜಾರಿಸುವುದು. ಸ್ಯಾಕ್ಸೋಫೋನಿನ ಗುಂಡಿಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ಹೋಗುತ್ತವೆ. ಗಮಕಕ್ಕೆ ಇಳಿಜಾರು ಬೇಕು. ಆ ಇಳಿಜಾರನ್ನು ತುಟಿ ಮತ್ತು ಉಸಿರಿನಿಂದ ಹುಟ್ಟಿಸಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು.

1980ರಲ್ಲಿ ಬಾಂಬೆಯ ಜಾಝ್ ಉತ್ಸವದಲ್ಲಿ ಗೋಪಾಲನಾಥ್ ನುಡಿಸಿದಾಗ ಅಮೆರಿಕದ ಜಾನ್ ಹ್ಯಾಂಡಿ ಅಲ್ಲಿದ್ದರು. ಹ್ಯಾಂಡಿ ಜಾಝ್ ಸ್ಯಾಕ್ಸೋಫೋನ್ ವಾದಕರು. 1976ರಲ್ಲಿ ಅವರ ‘ಹಾರ್ಡ್ ವರ್ಕ್’ ಎಂಬ ಫಂಕ್ ಧಾಟಿಯ ರೆಕಾರ್ಡು ಅಲ್ಲಿ ಜನಪ್ರಿಯವಾಗಿತ್ತು. ಅಂಥವರು ತಾವೇ ಕೇಳಿಕೊಂಡು ವೇದಿಕೆ ಹತ್ತಿ ಇವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಗೆ ಗೋಪಾಲನಾಥ್ ಅವರಿಗೆ ಕರೆ ಬಂತು. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ತಮಿಳು ಸಿನಿಮಾ ‘ಡುಯೆಟ್’ನಲ್ಲಿ ಅವರ ಸ್ಯಾಕ್ಸೋಫೋನ್ ಮನೆಮನೆ ಮುಟ್ಟಿತು. ಆಗಿನ ಕ್ಯಾಸೆಟ್ ಕಾಲ ನೆನಪಿರುವವರಿಗೆ ಆ ನಾದವೂ ನೆನಪಿರುತ್ತದೆ.

ಈಗ ರುದ್ರೇಶ್ ಅವರ ಕತೆಗೆ ವಾಪಸ್ ಬರೋಣ. 1997ರಲ್ಲಿ ಅವರು ನ್ಯೂಯಾರ್ಕ್ ಸೇರಿದರು. 2002ರಲ್ಲಿ ‘ಬ್ಲ್ಯಾಕ್ ವಾಟರ್’ ಆಲ್ಬಮ್ ಬಂತು. ಕಪ್ಪು ನೀರು, ಅಂದರೆ ಹಿಂದಿನವರು ದಾಟಬಾರದು ಅನ್ನುತ್ತಿದ್ದ ಸಮುದ್ರ. ಅಪ್ಪ ಅಮ್ಮ ಸಮುದ್ರ ದಾಟಿ ಬಂದ ಮೇಲೆ ಹುಟ್ಟಿದ ಮಗ ತನ್ನ ರೆಕಾರ್ಡಿಗೆ ಇಂಥ ಹೆಸರಿಟ್ಟ ಅಂದರೆ ಒಳಗೆ ಏನು ಓಡುತ್ತಿತ್ತು ಅಂತ ಊಹಿಸಬಹುದು.

ಎರಡು ವರ್ಷದ ಮೇಲೆ ಬಂದದ್ದೇ ನಾವು ಮೊದಲು ಹೇಳಿದ ಆಲ್ಬಮ್. ಹೆಸರು ‘ಮದರ್ ಟಂಗ್’, ತಾಯ್ನುಡಿ. ಅಮೆರಿಕದಲ್ಲಿ ನಮ್ಮವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: ‘ನೀವು ಇಂಡಿಯನ್ ಮಾತಾಡ್ತೀರಾ?’ ಇಲ್ಲವೇ ‘ಹಿಂದೂ ಮಾತಾಡ್ತೀರಾ?’ ಅಂಥ ಭಾಷೆಗಳೇ ಇಲ್ಲ. ರುದ್ರೇಶ್ ಇದೇ ಪ್ರಶ್ನೆಯನ್ನು ಅಲ್ಲಿನ ಭಾರತೀಯರ ಮುಂದಿಟ್ಟು, ಅವರವರ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ರೆಕಾರ್ಡ್ ಮಾಡಿಕೊಂಡರು. ಆಮೇಲೆ ಅರ್ಥವನ್ನು ಬದಿಗಿಟ್ಟು ಮಾತಿನ ರಾಗವನ್ನು ಮಾತ್ರ ಹಿಡಿದರು. ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವ ಅಕ್ಷರ ಎಳೆಯಿತು, ಯಾವುದು ತುಂಡಾಯಿತು, ಎಲ್ಲವನ್ನೂ ಸ್ವರಲಿಪಿಯಲ್ಲಿ ಬರೆದರು. ಆ ರಾಗವನ್ನೇ ಸ್ಯಾಕ್ಸೋಫೋನಿಗೆ, ವಿಜಯ್ ಅಯ್ಯರ್ ಅವರ ಪಿಯಾನೊಗೆ, ಬಾಸ್‌ಗೆ, ಡ್ರಮ್ಸ್‌ಗೆ ಹಂಚಿದರು. ಹೀಗೆ ಹುಟ್ಟಿದವು ‘ಗುಜರಾತಿ’, ‘ತೆಲುಗು’, ‘ಕೊಂಕಣಿ’, ‘ತಮಿಳು’, ‘ಮಲಯಾಳಂ’, ಮತ್ತು ‘ಕನ್ನಡ’.

ಒಂದೇ ಪ್ರಶ್ನೆಗೆ ಒಂದೊಂದು ಭಾಷೆಯ ಉತ್ತರ ಒಂದೊಂದು ರಾಗವಾಯಿತು. ‘ಇಂಡಿಯನ್’ ಅನ್ನುವ ಭಾಷೆ ಇಲ್ಲ ಅಂತ ವಾದ ಮಾಡುವ ಬದಲು, ಕೇಳಿದವರಿಗೆ ಕಿವಿಯಲ್ಲೇ ತಿಳಿಯುವಂತೆ ಮಾಡಿದರು.

ಇದನ್ನು ಓದಿದಾಗ ನಮಗೆ ನಮ್ಮದೇ ಒಂದು ಸಂಗತಿ ನೆನಪಾಯಿತು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಹೊಸದಾಗಿ ಬೆಂಗಳೂರಿಗೆ ಹೋಗಿದ್ದೆವು. ಒಂದು ಕಡೆ ದನಿ ಪರೀಕ್ಷೆಗೆ ಕೂರಿಸಿದರು. ಎರಡು ಸುದ್ದಿ ಓದುವಷ್ಟರಲ್ಲಿ ಎದುರಿನವರು ನಕ್ಕು ಅಂದರು: ‘ಸುದ್ದಿ ಸರಿ ಇದೆ. ಆ ರಾಗ ಬಿಟ್ಟು ಓದ್ತೀರಾ?’ ನಾವು ರಾಗ ಎಳೆದಿದ್ದೇವೆ ಅಂತ ನಮಗೇ ಗೊತ್ತಿರಲಿಲ್ಲ. ಅಲ್ಲಿಂದ ಎಷ್ಟೋ ತಿಂಗಳು ಫೋನಿನಲ್ಲಿ ಅವ್ವನ ಜೊತೆ ಮಾತಾಡುವಾಗಲೂ ಸುತ್ತ ಯಾರಿದ್ದಾರೆ ಅಂತ ನೋಡಿ ದನಿ ತಗ್ಗಿಸುತ್ತಿದ್ದೆವು. ಗುಳೆ ಹೋದ ನಮ್ಮ ಸುರಪುರ, ಶಹಾಪುರ ಕಡೆಯ ಹುಡುಗರಿಗೆ ಇದನ್ನು ವಿವರಿಸುವುದು ಬೇಡ. ‘ನಿಮ್ಮದು ಕನ್ನಡಾನಾ?’ ಅಂತ ಕನ್ನಡದವರೇ ಕೇಳಿದ ಪ್ರಶ್ನೆ ಅವರಿಗೂ ಗೊತ್ತು.

‘ಎಲ್ಲಿಗಿ ಹೊಂಟೀಯೋ ತಮ್ಮಾ?’ ಅಂತ ನಮ್ಮ ಕಡೆ ಕೇಳುವಾಗ ‘ತಮ್ಮಾ’ದ ಕೊನೆ ಉದ್ದಕ್ಕೆ ಎಳೆದು ಮೇಲಕ್ಕೆ ಹೋಗುತ್ತದೆ. ಬೆಂಗಳೂರಿನವರು ಇದನ್ನೇ ಕೇಳಿದರೆ ಅಷ್ಟು ದೂರ ಹೋಗುವುದಿಲ್ಲ. ಮಂಗಳೂರಿನವರು ಇನ್ನೊಂದು ಥರ. ಯಾರ ಕೆಲಸಕ್ಕೆ ಬಾರದು ಅಂತ ನಾವು ಮುಚ್ಚಿಟ್ಟುಕೊಂಡಿದ್ದ ಆ ಏರಿಳಿತವನ್ನೇ ಒಬ್ಬ ಕಲಾವಿದ ಬಂಡವಾಳ ಮಾಡಿಕೊಂಡ.

ಆ ಆಲ್ಬಮ್ ಆದ ಮೇಲೆ 2006ರಲ್ಲಿ ‘ಕೋಡ್‌ಬುಕ್’ ಬಂತು. ಸಂಖ್ಯೆಗಳ ಲೆಕ್ಕ, ಗುಪ್ತಲಿಪಿಯ ನಿಯಮ ಹಿಡಿದು ಕಟ್ಟಿದ ರಚನೆಗಳು ಅದರಲ್ಲಿವೆ. ಭೌತಶಾಸ್ತ್ರಜ್ಞನ ಮಗ ಅನ್ನುವುದು ಅಲ್ಲಿ ಕಾಣುತ್ತದೆ.

2008ರಲ್ಲಿ ಎರಡು ಮುಖ್ಯ ಆಲ್ಬಮ್‌ಗಳು. ಒಂದು ‘ಅಪ್ತಿ’. ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿ ಗಿಟಾರ್, ಅಮೆರಿಕದ ಡ್ಯಾನ್ ವೈಸ್ ತಬಲಾ, ಇವರ ಸ್ಯಾಕ್ಸೋಫೋನ್. ಗುಂಪಿನ ಹೆಸರು ‘ಇಂಡೋ-ಪಾಕ್ ಕೊಯಲಿಷನ್’. ನೆಲದ ಮೇಲೆ ಇಲ್ಲದ ಸಮ್ಮಿಶ್ರ ಸರ್ಕಾರ ವೇದಿಕೆಯ ಮೇಲೆ ನಡೆಯಿತು.

ಇನ್ನೊಂದು ‘ಕಿನ್ಸ್‌ಮೆನ್’. ಅಂದರೆ ಬಳಗದವರು. ತಮಾಷೆಗೆ ಕೈಗೆ ಬಂದ ಆಲ್ಬಮ್‌ನಲ್ಲಿ ಊದುತ್ತಿದ್ದ ಕದ್ರಿ ಗೋಪಾಲನಾಥರ ಪಕ್ಕದಲ್ಲೇ ನಿಂತು ರುದ್ರೇಶ್ ಊದಿದ್ದು ಇದರಲ್ಲಿ. ತಂಡದ ಹೆಸರು ದಕ್ಷಿಣಾ ಎನ್‌ಸೆಂಬಲ್. ಎ. ಕನ್ಯಾಕುಮಾರಿ ಪಿಟೀಲು, ಪೂವಲೂರ್ ಶ್ರೀಜಿ ಮೃದಂಗ, ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್. ಪಿಯಾನೊ ಇಲ್ಲ. ಪಿಯಾನೊದ ಸ್ವರವನ್ನು ಗಮಕಕ್ಕೆ ಬಗ್ಗಿಸಲು ಬರುವುದಿಲ್ಲ. ‘ಗಣೇಶ’, ‘ಕಲ್ಯಾಣಿ’ ಇಂಥ ಹೆಸರಿನ ತುಣುಕುಗಳು ಅದರಲ್ಲಿವೆ.

ಇಬ್ಬರ ಕೈಯಲ್ಲೂ ಇದ್ದದ್ದು ಆಲ್ಟೊ ಸ್ಯಾಕ್ಸೋಫೋನೇ. ಆದರೆ ಮೂರು ನಿಮಿಷ ಕೇಳಿದರೆ ಸಾಕು, ಯಾರು ಯಾರು ಅಂತ ತಿಳಿದುಬಿಡುತ್ತದೆ. ಗೋಪಾಲನಾಥರ ಸ್ವರ ನಾಗಸ್ವರದ ಮನೆಯಲ್ಲಿ ಹುಟ್ಟಿದ್ದು. ಅದು ತೂಗುತ್ತದೆ, ಜಾರುತ್ತದೆ. ರುದ್ರೇಶ್ ಅವರದು ಚಾರ್ಲಿ ಪಾರ್ಕರ್ ಓಣಿಯಲ್ಲಿ ಬೆಳೆದದ್ದು. ಅದಕ್ಕೆ ಚೂಪು ಅಂಚು, ಕತ್ತರಿಸಿಕೊಂಡು ಓಡುತ್ತದೆ. ಒಬ್ಬರು ಇನ್ನೊಬ್ಬರಂತೆ ಆಗಲು ಹೋಗಿಲ್ಲ. ಅದಕ್ಕೇ ಆ ಹೆಸರು ಒಪ್ಪುತ್ತದೆ. ಬಳಗದವರು ಅಂದಮಾತ್ರಕ್ಕೆ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಬೇಕು ಅಂತೇನಿಲ್ಲ.

2011ರ ‘ಸಂಧಿ’ಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಎಲೆಕ್ಟ್ರಿಕ್ ಬಾಸ್, ಅನಂತ ಆರ್. ಕೃಷ್ಣನ್ ಅವರ ಮೃದಂಗ ಒಟ್ಟಿಗೆ ಬಂದವು. ಹುಡುಗನಾಗಿದ್ದಾಗ ಕೇಳಿದ ಫಂಕ್ ಧಾಟಿ ಅಲ್ಲಿ ಮತ್ತೆ ತಲೆ ಎತ್ತುತ್ತದೆ. 2013ರದ್ದಕ್ಕೆ ‘ಗಮಕ್’ ಅಂತಲೇ ಹೆಸರು. 2015ರಲ್ಲಿ ಚಾರ್ಲಿ ಪಾರ್ಕರ್ ನೆನಪಿಗೆ ‘ಬರ್ಡ್ ಕಾಲ್ಸ್’ ಬಂತು. ಪಾರ್ಕರ್ ಅವರ ಅಡ್ಡಹೆಸರು ‘ಬರ್ಡ್’. ಅವರ ಹಳೆಯ ರಾಗಗಳ ಚೂರು ಹಿಡಿದು ಹೊಸ ರಚನೆ ಕಟ್ಟಿದ ಆಲ್ಬಮ್ ಅದು. ಅಮೆರಿಕದ ಹಳೆಯ ಜಾಝ್ ಪತ್ರಿಕೆ ಡೌನ್‌ಬೀಟ್‌ನ ವಿಮರ್ಶಕರು ಅದನ್ನು ಆ ವರ್ಷದ ಜಾಝ್ ಆಲ್ಬಮ್ ಎಂದು ಆರಿಸಿದರು. ಮರುವರ್ಷ ರುದ್ರೇಶ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು.

ಕದ್ರಿ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ‘ಕಿನ್ಸ್‌ಮೆನ್’ ಉಳಿದಿದೆ. ಅವರ ಉಸಿರು ಅದರಲ್ಲಿ ಇನ್ನೂ ಓಡಾಡುತ್ತಿದೆ. ರೆಕಾರ್ಡಿಂಗ್ ಅನ್ನುವುದರ ಬೆಲೆ ಇದೇ. ಅಣ್ಣ ತಂದುಕೊಟ್ಟ ಆ ಒಂದು ಆಲ್ಬಮ್ ಇಲ್ಲದಿದ್ದರೆ ಬೌಲ್ಡರ್‌ನ ಹುಡುಗನಿಗೆ ಸಜೀಪಮೂಡದ ಉಸಿರು ಅಷ್ಟು ಬೇಗ ಮುಟ್ಟುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಸನಾದಿ ಊದುವ ಹಿರಿಯರು ಇನ್ನೂ ಕೆಲವರು ಇದ್ದಾರೆ. ಡಿಜೆ ಬಂದ ಮೇಲೆ ಅವರಿಗೆ ಮದುವೆಗಳು ಕಡಿಮೆ. ಅವರು ಊದಿದ್ದನ್ನು ಯಾರೂ ಕ್ಯಾಸೆಟ್ ಮಾಡಲಿಲ್ಲ. ಈ ಬರಹ ಓದುತ್ತಿರುವ ನಿಮ್ಮ ಫೋನಿನಲ್ಲೇ ದನಿ ಹಿಡಿಯುವ ರೆಕಾರ್ಡರ್ ಇದೆ. ಮುಂದಿನ ಸಲ ಊರಿಗೆ ಹೋದಾಗ ಆ ಹಿರಿಯರ ಮುಂದೆ ಅದನ್ನು ಒಂದು ತಾಸು ಇಡಿ. ಅವರು ಊದಿ ಮುಗಿಸಿದ ಮೇಲೆ ಮಾತಾಡಲಿ, ಅದನ್ನೂ ಹಿಡಿಯಿರಿ.

ನಾವೂ ಈಗ ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ದನಿ ತಗ್ಗಿಸುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರು ತಿರುಗಿ ನೋಡಿದರೆ ನೋಡಲಿ, ಅವರೂ ರಾಗ ಕೇಳಲಿ.