ಕರೆಂಟು ಹೋದ ಮೇಲೆ ಉಳಿಯುವ ನಿಮಿಷಗಳು

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ ಪುತ್ತೂರು, ಸುಳ್ಯ, ಕಡಬದ ಸಂಜೆಗಳೆಂದರೆ ಗುಡುಗು, ಸಿಡಿಲು. ಕಾಡು-ತೋಟಗಳ ನಡುವೆ ಹಾದುಬರುವ ಲೈನಿಗೆ ಒಂದು ಮರ ಬಿದ್ದರೆ ಊರಿಗೆ ಊರೇ ಕತ್ತಲು. ಕಾಲೇಜಿನ ಲ್ಯಾಬಿನಲ್ಲಾಗಲಿ, 2020ರಿಂದೀಚೆಗೆ ಬೆಂಗಳೂರಿನ ಕೆಲಸವನ್ನು ಊರಿಗೆ ತಂದುಕೊಂಡವರ ಮನೆಯಲ್ಲಾಗಲಿ, ಒಂದು ಸರ್ವರಿನಲ್ಲಿ ನಾಲ್ಕು ವರ್ಚುವಲ್ ಮೆಷಿನ್ ಓಡುತ್ತಿದ್ದರೆ ಯುಪಿಎಸ್ ಕೊಡುವ ಅವಧಿಯೊಳಗೆ ಅಷ್ಟೂ ಸರಿಯಾಗಿ ಶಟ್‌ಡೌನ್ ಆಗಬೇಕು. ಆ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಇರುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಆ ಹೊಣೆ ಸ್ಕ್ರಿಪ್ಟಿನದು.

ಹೀಗೆ ಸರಿಯಾಗಿ ನಿಲ್ಲಿಸುವ ಸೌಕರ್ಯ ಮೊದಲಿನಿಂದ ಇದ್ದದ್ದಲ್ಲ. ಐಬಿಎಂ 1972ರಲ್ಲಿ ವರ್ಚುವಲ್ ಮೆಷಿನ್ ಓಡಿಸುವ ವಿಎಂ/370 ತಂದಾಗ ನಿರ್ವಾಹಕರ ಕೈಯಲ್ಲಿದ್ದದ್ದು ಬಲವಂತವಾಗಿ ಹೊರಹಾಕುವ ಆದೇಶ. ಒಳಗಿನ ಯಂತ್ರಕ್ಕೆ ಮೊದಲೇ ಸುಳಿವು ಕೊಡುವ ವ್ಯವಸ್ಥೆ ಅಲ್ಲಿ ಬಹಳ ತಡವಾಗಿ ಬಂತು. ಪಿಸಿಗಳಲ್ಲಿ ದಾರಿ ತೆರೆದದ್ದು 1996ರ ಎಸಿಪಿಐ ಮಾನದಂಡ. ಪವರ್ ಬಟನ್ ಒತ್ತಿದರೆ ವಿದ್ಯುತ್ ಕಡಿಯುವ ಬದಲು ಆಪರೇಟಿಂಗ್ ಸಿಸ್ಟಮ್ಮಿಗೆ ಸಂದೇಶ ಹೋಗುವಂತಾಯಿತು. ಇಲ್ಲದ ಬಟನ್ನನ್ನೂ ತಂತ್ರಾಂಶದಿಂದಲೇ ಒತ್ತಬಹುದು ಎಂಬುದು ವರ್ಚುವಲ್ ಮೆಷಿನ್ ಕಟ್ಟುವವರಿಗೆ ದೊಡ್ಡ ಅನುಕೂಲ. 1999ರಲ್ಲಿ ಮಾರುಕಟ್ಟೆಗೆ ಬಂದ ವಿಎಂವೇರ್ ತನ್ನದೇ ಸಹಾಯಕ ತಂತ್ರಾಂಶವನ್ನು ಒಳಗೆ ಕೂರಿಸಿತು. 2003ರ ಝೆನ್ ಇನ್ನೊಂದು ಹಾದಿ ಹಿಡಿಯಿತು. 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನಲ್ಲಿನೊಳಗೇ ಸೇರಿದ ಮೇಲೆ ಈ ಕೆಲಸ ಸಾಮಾನ್ಯ ಬಳಕೆದಾರನ ಮೇಜಿಗೂ ಬಂತು.

ಕೆವಿಎಂ ಬಳಸುವವರ ಸ್ಕ್ರಿಪ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಲಿಬ್‌ವರ್ಟಿನ ವಿರ್ಶ್ ಎಂಬ ಆದೇಶ-ಸಾಧನ. ಅದರ ಶಟ್‌ಡೌನ್ ಆದೇಶ ಬರೀ ಒಂದು ಕೋರಿಕೆ. ಕಳಿಸಿದ ಕೂಡಲೇ ಮುಂದಿನ ಸಾಲಿಗೆ ಹೋಗುತ್ತದೆ, ಯಂತ್ರ ನಿಂತಿತೇ ಎಂದು ನೋಡುವುದಿಲ್ಲ. ಹಳೆಯ ಲಿನಕ್ಸುಗಳಲ್ಲಿ ಎಸಿಪಿಐ ಸೇವೆ ಓಡದಿದ್ದರೆ ಕೋರಿಕೆಗೆ ಉತ್ತರವೇ ಇರುತ್ತಿರಲಿಲ್ಲ. ವರ್ಚುವಲ್ ಮೆಷಿನ್ನಿನ ಒಳಗೇ ಓಡುವ ಕ್ಯೂಎಮು ಗೆಸ್ಟ್ ಏಜೆಂಟ್ ಬಂದದ್ದರಿಂದ ಈ ತೊಂದರೆಗೆ ಒಂದು ಪರಿಹಾರ ಸಿಕ್ಕಿತು. ಇನ್ನೊಂದು ಆದೇಶವಾದ ಡೆಸ್ಟ್ರಾಯ್, ಪ್ಲಗ್ ಕಿತ್ತಂತೆ. ಡಿಸ್ಕ್ ಅಳಿಯುವುದಿಲ್ಲ, ಆದರೆ ಡಿಸ್ಕಿಗೆ ಇಳಿಯದ ದತ್ತಾಂಶ ಹೋಗುತ್ತದೆ. ಇಎಕ್ಸ್‌ಟಿ3ಯಂಥ ಫೈಲ್ ವ್ಯವಸ್ಥೆಗಳಲ್ಲಿ ಜರ್ನಲ್ ಇದೆಯಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ: ಜರ್ನಲ್ ಉಳಿಸುವುದು ಫೈಲ್ ವ್ಯವಸ್ಥೆಯ ಕಟ್ಟಡವನ್ನು, ಕೊನೆಯ ಕ್ಷಣದ ಬರಹವನ್ನಲ್ಲ.

ಹೋಸ್ಟ್ (ಅಂದರೆ ಸರ್ವರ್) ನಿಲ್ಲುವಾಗ ಗೆಸ್ಟುಗಳನ್ನು (ಅದರೊಳಗಿನ ವರ್ಚುವಲ್ ಮೆಷಿನ್ನುಗಳನ್ನು) ನಿಲ್ಲಿಸಲು ಲಿಬ್‌ವರ್ಟ್-ಗೆಸ್ಟ್ಸ್ ಎಂಬ ಸೇವೆಯೇ ಇದೆ. ನಮ್ಮ ಊರುಗಳಲ್ಲಿ ಎಚ್ಚರ ಬೇಕಾದದ್ದು ಇಲ್ಲಿ. ಅದರ ರೂಢಿಯ ಕಾಯುವ ಅವಧಿ 300 ಸೆಕೆಂಡು. ಏಕಕಾಲದಲ್ಲಿ ನಿಲ್ಲಿಸುವ ಆಯ್ಕೆ ಕೊಡದಿದ್ದರೆ ಒಂದಾದ ಮೇಲೆ ಒಂದರಂತೆ ನಿಲ್ಲಿಸುತ್ತಾ ಪ್ರತಿಯೊಂದಕ್ಕೂ ಅಷ್ಟೇ ಕಾಯುತ್ತದೆ. ನಾಲ್ಕೂ ಮೊಂಡುಬಿದ್ದರೆ 20 ನಿಮಿಷ. ಸಣ್ಣ ಯುಪಿಎಸ್ಸಿನ ಬ್ಯಾಟರಿ ಅಷ್ಟು ಹೊತ್ತು ಬರುವುದಿಲ್ಲ. ಆದ್ದರಿಂದ ಕರೆಂಟು ಇರುವ ದಿನವೇ ಒಂದೊಂದು ಯಂತ್ರ ನಿಲ್ಲಲು ಹಿಡಿಯುವ ಸಮಯ ಅಳೆದು, ಡೇಟಾಬೇಸ್ ಬಳಸುವ ಯಂತ್ರಗಳನ್ನು ಮೊದಲು, ಡೇಟಾಬೇಸನ್ನು ಆಮೇಲೆ ನಿಲ್ಲಿಸುವಂತೆ ಬರೆಯಬೇಕು. ಅವಧಿ ಮೀರಿದ್ದಕ್ಕೆ ಮಾತ್ರ ಡೆಸ್ಟ್ರಾಯ್.

ಯುಪಿಎಸ್ಸಿನ ಸ್ಥಿತಿ ಓದಲು ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಎಪಿಸಿಯುಪಿಎಸ್‌ಡಿ ಎಂಬ ಮುಕ್ತ ತಂತ್ರಾಂಶಗಳಿವೆ. ಸ್ವಲ್ಪ ಹೊತ್ತು ಕಾದು, ಆಮೇಲೂ ಕರೆಂಟು ಬಾರದಿದ್ದರೆ ಶಟ್‌ಡೌನ್ ಶುರುಮಾಡಲು ಇವುಗಳಲ್ಲಿ ಟೈಮರ್ ಇಡಬಹುದು. ಬಂದು ಹೋಗುವ ಕರೆಂಟಿಗೆ ಇದು ಒಳ್ಳೆಯದು. ಶಟ್‌ಡೌನ್ ಅರ್ಧದಲ್ಲಿರುವಾಗ ಕರೆಂಟು ಬಂದುಬಿಟ್ಟರೆ? ಸರ್ವರ್ ನಿಂತೇಬಿಡುತ್ತದೆ, ಯುಪಿಎಸ್ ಆಫ್ ಆಗದ್ದರಿಂದ ಅದನ್ನು ಮತ್ತೆ ಎಬ್ಬಿಸುವ ಸೂಚನೆಯೇ ಸಿಗುವುದಿಲ್ಲ. ಅದಕ್ಕಾಗಿ ಕೊನೆಯ ಹೆಜ್ಜೆಯಾಗಿ ಯುಪಿಎಸ್ಸನ್ನೇ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಆಗುವಂತೆ ಹೇಳಿಡಬೇಕು, ಬಯೋಸಿನಲ್ಲಿ ವಿದ್ಯುತ್ ಮರಳಿದೊಡನೆ ಏಳುವ ಆಯ್ಕೆಯನ್ನೂ ಇಡಬೇಕು.