ನೀರಿನೊಡನೆ ಹರಿದ ಸಾರಜನಕ

ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿ ಪರಿವರ್ತಿಸುವ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಆರಂಭವಾದ ಸಂಗತಿ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಸಾರಜನಕ ಬೆಳೆಯ ಬೇರನ್ನು ತಲಪಿದ ಬಗೆ ಅಷ್ಟು ಪ್ರಸಿದ್ಧವಲ್ಲ. ನಾನು ಇಂದು ಹೇಳಬಯಸುವುದು ಅದರಲ್ಲಿ ಒಂದು ಅಧ್ಯಾಯವನ್ನು.

1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಷೆಲ್ ಕಂಪೆನಿಯವರು ಒಂದು ಸುಲಭೋಪಾಯವನ್ನು ಬಳಕೆಗೆ ತಂದರು. ಅಮೋನಿಯಾ ತುಂಬಿದ ಉಕ್ಕಿನ ಸಿಲಿಂಡರನ್ನು ಕಾಲುವೆಯ ಬದಿಯಲ್ಲಿರಿಸಿ, ಅನಿಲವನ್ನು ಹರಿಯುವ ನೀರಿಗೆ ಬಿಡುವುದು. ಇದಕ್ಕೆ ನೈಟ್ರೋಗೇಷನ್ ಎಂದು ಹೆಸರಿಟ್ಟರು. ಗೊಬ್ಬರ ಎರಚುವ ಕೂಲಿ ಉಳಿಯಿತು. ಬೆಳೆಗೆ ಹಸಿವಾದಾಗ ಉಣಬಡಿಸುವುದು ಸಾಧ್ಯವಾಯಿತು.

ಆದರೆ ನೀರು ಪಂಕ್ತಿಭೇದವಿಲ್ಲದೆ ಬಡಿಸುವ ಪರಿಚಾರಕನಲ್ಲ. ಸಾಲಿನ ತಲೆಯಲ್ಲಿ ನೀರು ಹೆಚ್ಚು ಇಂಗುತ್ತದೆ, ತುದಿಯಲ್ಲಿ ಕಡಿಮೆ. ಗೊಬ್ಬರದ ಪಾಲೂ ಹಾಗೆಯೇ. ಅಮೋನಿಯಾದಲ್ಲಿ ಸ್ವಲ್ಪಾಂಶ ಗಾಳಿಗೆ ಹಾರಿಹೋಗುತ್ತದೆ. ಉಳಿದುದನ್ನು ಜೇಡಿಮಣ್ಣಿನ ಕಣಗಳು ಕೆಲಕಾಲ ಹಿಡಿದಿಡುತ್ತವೆ. ಬಳಿಕ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟಿಗೆ ಮಣ್ಣಿನ ಹಂಗಿಲ್ಲ. ಬೇರು ಹೀರದೆ ಬಿಟ್ಟುದು, ಹೆಚ್ಚಾದ ನೀರಿನೊಡನೆ ಅಂತರ್ಜಲದತ್ತ ಇಳಿಯುತ್ತದೆ.

ಅದರ ಅಪಾಯ ಮೊದಲು ತಿಳಿದದ್ದು ತೊಟ್ಟಿಲಿನಲ್ಲಿ. ನೈಟ್ರೇಟ್ ಬೆರೆತ ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟುವುದನ್ನು 1945ರಲ್ಲಿ ಅಯೋವಾದ ವೈದ್ಯ ಹಂಟರ್ ಕಾಮ್ಲಿ ವರದಿ ಮಾಡಿದರು. ಕ್ಯಾಲಿಫೋರ್ನಿಯಾದ ಲೆಕ್ಕ ಸ್ಪಷ್ಟವಾದದ್ದು ಬಹಳ ತಡವಾಗಿ. ಟುಲಾರಿ ಸರೋವರದ ಪ್ರಾಂತ ಮತ್ತು ಸಲೀನಾಸ್ ಕಣಿವೆಯನ್ನು ಕುರಿತು ಡೇವಿಸ್ ವಿಶ್ವವಿದ್ಯಾಲಯದ ತಜ್ಞರು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ ಮಾನವಕೃತ್ಯದಿಂದ ಅಂತರ್ಜಲ ಸೇರಿದ ನೈಟ್ರೇಟಿನಲ್ಲಿ ಶೇಕಡಾ 96 ಭಾಗ ಸಾಗುವಳಿ ಭೂಮಿಯದು. ರಾಸಾಯನಿಕ ಗೊಬ್ಬರ, ಸಗಣಿಗೊಬ್ಬರ ಎರಡೂ ಸೇರಿ. ಅಪಾಯಕ್ಕೊಳಗಾದವರು ಸುಮಾರು 2.5 ಲಕ್ಷ ಜನ. ಅವರಲ್ಲಿ ಅನೇಕರು ಚಿಕ್ಕ ಊರುಗಳ ಬಡವರು. ಅವರು ಕುಡಿಯುತ್ತಿದ್ದ ನೈಟ್ರೇಟ್ ಹಲವು ದಶಕಗಳ ಹಿಂದೆ ಹೊಲಕ್ಕೆ ಬಿದ್ದುದು. ಲಾಭ ಒಂದು ಪೀಳಿಗೆಯದು, ಸಾಲ ಇನ್ನೊಂದರದು.

1965ರಲ್ಲಿ ಇಸ್ರೇಲಿನ ಹಾಟ್ಸೆರಿಮ್‌ನಲ್ಲಿ ಹನಿ ನೀರಾವರಿಯ ಉದ್ಯಮ ಆರಂಭವಾದ ಮೇಲೆ, ಸಾರಜನಕವನ್ನು ಅಳೆದು ತುತ್ತುತುತ್ತಾಗಿ ಕೊಡುವುದು ಸಾಧ್ಯವಾಯಿತು. ಕನ್ನಡದಲ್ಲಿ ಇದಕ್ಕೆ ರಸಾವರಿ ಎಂಬ ಅಂದವಾದ ಹೆಸರಿದೆ. ಆದರೆ ಹನಿಕೊಳವೆಯೂ ತಾನಾಗಿ ವಿವೇಕಿಯಲ್ಲ. ಗೊಬ್ಬರ ಕೊಟ್ಟ ಬಳಿಕ ನೀರನ್ನು ಮಿತಿಮೀರಿ ಬಿಟ್ಟರೆ ಹನಿಯೂ ನೈಟ್ರೇಟನ್ನು ಬೇರಿನ ಕೆಳಕ್ಕೆ ತೊಳೆಯುತ್ತದೆ. ಆದುದರಿಂದ ಗೊಬ್ಬರವನ್ನು ಎಷ್ಟು ಎಚ್ಚರದಿಂದ ತೂಗುತ್ತೇವೆಯೋ ಅಷ್ಟೇ ಎಚ್ಚರದಿಂದ ನೀರನ್ನೂ ಅಳೆಯಬೇಕು. ಹೊಲದಲ್ಲಿ ನಾವು ಬರೆಯಲು ಮರೆತ ಲೆಕ್ಕವನ್ನು ಬಾವಿ ಮರೆಯುವುದಿಲ್ಲ.